ಏಣಿ ಎಂದು ಕರೆದಾಗ

ನನ್ನ ಅಪ್ಪ ಹದಿನಾಲ್ಕು ವರ್ಷಗಳಲ್ಲಿ ಒಂಬತ್ತು ತಂಡಗಳಿಗೆ ಬ್ಯಾಸ್ಕೆಟ್‌ಬಾಲ್ ಆಡಿದ್ದಾರೆ. ಹವ್ಯಾಸಕ್ಕಲ್ಲ, ಅದೇ ಅವರ ಕಸುಬು. ಆದರೂ ನೀವು ಅವರ ಹೆಸರು ಕೇಳಿರುವುದಿಲ್ಲ. ಪತ್ರಿಕೆಯ ಆಟದ ಪುಟದಲ್ಲಿ ಗೆದ್ದ ತಂಡದ ಫೋಟೋ ಹಾಕಿದಾಗ ಬಲಗಡೆಯ ಅಂಚಿನಲ್ಲಿ ಯಾರದೋ ಒಂದು ಭುಜ ಕತ್ತರಿಸಿಹೋಗಿರುತ್ತದಲ್ಲ, ಅಂಥ ಎರಡು ಭುಜಗಳು ಅಪ್ಪನವು. ಅಮ್ಮ ಅವನ್ನು ಜೋಪಾನವಾಗಿ ಎತ್ತಿಟ್ಟಿದ್ದಾಳೆ. ಯಾರಾದರೂ ಕೇಳಿದರೆ, "ಇದು ನಮ್ಮನೆಯವರದು" ಎಂದು ಭುಜದ ಮೇಲೆ ಬೆರಳಿಟ್ಟು ತೋರಿಸುತ್ತಾಳೆ.

ನಾನು ಬರೆಯಲು ಹೊರಟಿರುವುದು ಅಪ್ಪ ಇನ್ನು ಮುಂದೆ ಆಡುವುದು ಉಂಟೋ ಇಲ್ಲವೋ ಎಂದು ನಮಗೆ ಗೊತ್ತಿಲ್ಲದೆ ಕಳೆದ ಆರು ವಾರಗಳನ್ನು. ನಾನೇ ಕಂಡದ್ದನ್ನು, ಕೇಳಿದ್ದನ್ನು ಬರೆಯುತ್ತೇನೆ. ನಾನು ಇಲ್ಲದ ಕಡೆ ನಡೆದದ್ದಾದರೆ ಯಾರು ಹೇಳಿದರೆಂದು ಬರೆಯುತ್ತೇನೆ.

ಅಪ್ಪನ ಎತ್ತರ ಆರಡಿ ಆರಂಗುಲ. ಆ ಆಟದಲ್ಲಿ ಅದೇನೂ ಹೆಚ್ಚಲ್ಲ, ಮನೆಯಲ್ಲಿ ಮಾತ್ರ ಹೆಚ್ಚು. ಹೊಸ ಬಾಡಿಗೆ ಮನೆಗೆ ಹೋದ ಮೊದಲ ವಾರ ಅವರ ಹಣೆಯ ಮೇಲೆ ಒಂದು ಬುಗುಟು ಇದ್ದೇ ಇರುತ್ತದೆ. ಅವರು ಬುಟ್ಟಿಗೆ ಚೆಂಡು ಹಾಕಿ ಚಪ್ಪಾಳೆ ಗಿಟ್ಟಿಸುವ ಆಟಗಾರರಲ್ಲ. ಬೇರೆ ಯಾರೋ ಎಸೆದ ಚೆಂಡು ಒಳಗೆ ಬೀಳದೆ ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದು ಹಿಂದಕ್ಕೆ ಬರುತ್ತದಲ್ಲ, ಅದನ್ನು ನಾಲ್ಕು ಜನರ ಮೊಣಕೈ ಏಟು ತಿಂದು ಹಿಡಿಯುವುದು, ಹಿಡಿದದ್ದನ್ನು ಚುರುಕಾಗಿ ಓಡಬಲ್ಲವರ ಕೈಗೆ ದಾಟಿಸುವುದು, ಇಷ್ಟೇ ಅವರ ಕೆಲಸ. ಯಾವುದೋ ತಂಡದಲ್ಲಿ ದೊಡ್ಡ ಆಟಗಾರನ ಮಂಡಿ ಕೆಟ್ಟಾಗ ಅಪ್ಪನಿಗೆ ಫೋನು ಬರುತ್ತದೆ. ಆ ಮಂಡಿ ವಾಸಿಯಾದಾಗ ನಮ್ಮ ಸಾಮಾನು ಲಾರಿ ಹತ್ತುತ್ತದೆ. ನಾನು ಐದು ಶಾಲೆಗಳಲ್ಲಿ ಓದಿದೆ. ಆರನೆಯದಕ್ಕೆ ಹೋಗಲಿಲ್ಲ, ಅಮ್ಮನ ಜೊತೆ ಹೊಲಿಗೆಗೆ ಕುಳಿತೆ. ಅಮ್ಮ ಪ್ರತಿ ಊರಿನಲ್ಲೂ ಮನೆಯ ಮುಂದಿನ ಕೋಣೆಯಲ್ಲಿ ಒಂದು ಯಂತ್ರ ಇಟ್ಟು, ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಾಯಿಸುವುದು, ಇಂಥ ಕೆಲಸ ಹಿಡಿಯುತ್ತಾಳೆ. ಊರೆಲ್ಲರ ಪ್ಯಾಂಟು ಗಿಡ್ಡ ಮಾಡಿ ಉಳಿದ ಬಟ್ಟೆಯಲ್ಲಿ ಅಪ್ಪನ ಪ್ಯಾಂಟು ಉದ್ದ ಮಾಡುತ್ತಾಳೆ ಎಂಬುದು ನಮ್ಮ ಮನೆಯ ಹಳೇ ತಮಾಷೆ.

ಹೊಸ ತಂಡಕ್ಕೆ ಹೋದಾಗಲೆಲ್ಲ ಅಪ್ಪ ಎರಡು ವಿಷಯ ಹೊಸದಾಗಿ ಕಲಿಯಬೇಕಿತ್ತು. ಒಂದು, ಕೋಚ್‌ನ ಕೈಸನ್ನೆ. ಒಂದು ಕಡೆ ಮುಷ್ಟಿ ತೋರಿಸಿದರೆ ಮುಂದಕ್ಕೆ ಓಡು ಎಂದರ್ಥ, ಇನ್ನೊಂದು ಕಡೆ ಅದೇ ಮುಷ್ಟಿಗೆ ನಿಂತಲ್ಲೇ ನಿಲ್ಲು ಎಂದರ್ಥ. ಎರಡನೆಯದು, ಅವರದೇ ಹೆಸರು. ಆಟದ ಗದ್ದಲದಲ್ಲಿ ಉದ್ದ ಹೆಸರು ಕರೆಯಲು ಪುರುಸೊತ್ತಿರುವುದಿಲ್ಲ, ಪ್ರತಿಯೊಂದು ತಂಡವೂ ತನಗೆ ಬೇಕಾದ ಹೆಸರಿಡುತ್ತದೆ. ಮೊದಲ ತಂಡದಲ್ಲಿ ಅವರು ತೊಲೆ. ಆಮೇಲೆ ಕಂಬ, ಆಮೇಲೆ ಲಂಬೂ. ಮೂವತ್ಮೂರನೆಯ ವಯಸ್ಸಿನಲ್ಲಿ ಸೇರಿದ ಒಂದು ತಂಡದವರು ವರ್ಷ ಮುಗಿಯುವ ತನಕ ಅವರನ್ನು ಹೊಸಬ ಎಂದೇ ಕರೆದರು. "ನಾಳೆ ಯಾರಾದ್ರೂ ಕುರ್ಚಿ ಅಂತ ಕರೆದ್ರೂ ನಿಮ್ಮಪ್ಪ ಓ ಅಂತಾರೆ," ಎಂದು ಅಮ್ಮ ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದರು. "ಕರೆಯೋರು ಇರೋವರೆಗೆ ಸರಿ ಇವಳೇ. ಕರೆಯದಿದ್ರೆ ತಾನೆ ಕಷ್ಟ."

ಒಂದೇ ಒಂದು ತಂಡದಲ್ಲಿ ಅಪ್ಪ ನಾಲ್ಕು ವರ್ಷ ಉಳಿದರು. ಹಳದಿ ಜೆರ್ಸಿಯ ತಂಡ ಅದು. ನನಗೆ ಆಗ ಏಳರಿಂದ ಹನ್ನೊಂದು ವರ್ಷ. ಅಲ್ಲಿ ಅಪ್ಪನ ಹೆಸರು ಏಣಿ. ಇಟ್ಟವರು ಅದೇ ತಂಡದಲ್ಲಿ ಆಡುತ್ತಿದ್ದ ಗುಂಡ ಮಾಮ. ಗುಂಡ ಮಾಮ ಗುಂಡಗಿಲ್ಲ, ಕುಳ್ಳಗೆ ಇದ್ದಾರೆ, ಇಲಿಯ ಹಾಗೆ ಓಡುತ್ತಾರೆ. ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ಅಮ್ಮನನ್ನು ಅತ್ತಿಗೆ ಎಂದು ಕರೆಯುತ್ತ, ಕೇಳದೆಯೇ ನಮ್ಮ ಅಡುಗೆಮನೆಗೆ ನುಗ್ಗಿ ಬ್ರೆಡ್ಡಿನ ಡಬ್ಬಿ ತೆರೆಯುವಷ್ಟು ಸಲಿಗೆ. ಆ ತಂಡದ ಕೋಚ್ ಅವರಿಬ್ಬರಿಗೆ ದಿನಾ ಬೆಳಿಗ್ಗೆ ಒಂದೇ ಅಭ್ಯಾಸ ಮಾಡಿಸುತ್ತಿದ್ದರು. ಅಪ್ಪ ಹಾರಿ ಚೆಂಡು ಹಿಡಿಯಬೇಕು. ಗುಂಡ ಮಾಮ ಎಡಗಡೆಗೆ ಬಂದು "ಏಣೀ" ಎನ್ನಬೇಕು. ಕಾಲು ನೆಲಕ್ಕೆ ತಾಗುವ ಮೊದಲೇ ಚೆಂಡು ಆ ದನಿ ಬಂದ ಕಡೆಗೆ ಹೋಗಬೇಕು. ತಿರುಗಿ ನೋಡಿದರೆ ಕೋಚ್ ಸೀಟಿ ಊದುತ್ತಿದ್ದರು. "ನೋಡಬೇಡ! ನೋಡೋಷ್ಟರಲ್ಲಿ ತಡ ಆಯ್ತು. ಕೇಳು, ಕೊಡು!" ನಾನು ಶಾಲೆ ಇಲ್ಲದ ದಿನ ಹೋಗಿ ಕುಳಿತು ನೋಡಿದ್ದೇನೆ. ದಿನಕ್ಕೆ ಇನ್ನೂರು ಸಲವಾದರೂ ಇರಬೇಕು. ನಾಲ್ಕು ವರ್ಷ.

ಕೊನೆಗೆ ಅಲ್ಲಿಯ ದೊಡ್ಡ ಆಟಗಾರನ ಮಂಡಿಯೂ ವಾಸಿಯಾಯಿತು. ನಾವು ಹೊರಟೆವು.

ಒಂಬತ್ತನೆಯ ತಂಡಕ್ಕೆ ಬಂದಾಗ ಅಪ್ಪನಿಗೆ ಮೂವತ್ತೇಳು. ಇಲ್ಲಿ ಜೆರ್ಸಿ ಹಸಿರು, ಹೆಸರು ತಾತ. ತಂಡದ ಹುಡುಗರು ಪ್ರೀತಿಯಿಂದಲೇ ಕರೆಯುತ್ತಿದ್ದರು. "ತಾತ, ಹಲ್ಲು ಸೆಟ್ ತೆಗೆದಿಟ್ಟು ಬಂದ್ಯಾ?" ಎಂದು ಕೇಳುತ್ತಿದ್ದರು. ಎರಡನೆಯ ವರ್ಷದ ಕೊನೆಯ ಪಂದ್ಯಕ್ಕೆ ಬಂದಾಗ ಸ್ಥಿತಿ ಹೀಗಿತ್ತು: ಗೆದ್ದರೆ ತಂಡ ಮೇಲಿನ ದರ್ಜೆಯಲ್ಲಿ ಉಳಿಯುತ್ತದೆ, ಸೋತರೆ ಕೆಳಗಿನ ದರ್ಜೆಗೆ ಇಳಿಯುತ್ತದೆ. ಉಳಿದರೆ ಅಪ್ಪನಿಗೆ ಇನ್ನೆರಡು ವರ್ಷದ ಕರಾರು ಎಂದು ಮ್ಯಾನೇಜರ್ ಬಾಯಿಬಿಟ್ಟು ಹೇಳಿದ್ದರು. ಅಮ್ಮ ಅದೇ ಧೈರ್ಯದ ಮೇಲೆ ಕಿಟಕಿಗೆ ಅಳತೆ ತೆಗೆದು ಪರದೆ ಹೊಲಿದಿದ್ದಳು. ಬಾಡಿಗೆ ಮನೆಗೆ ಅಳತೆಯ ಪರದೆ ಅವಳು ಹೊಲಿದದ್ದು ಅದೇ ಮೊದಲು. ಎದುರಾಳಿ ಯಾರೆಂದರೆ, ಗುಂಡ ಮಾಮ ಇನ್ನೂ ಆಡುತ್ತಿದ್ದ ಆ ಹಳದಿ ತಂಡ.

ಅಮ್ಮ ಪಂದ್ಯ ನೋಡುವುದಿಲ್ಲ. ಬರುತ್ತಾಳೆ, ಆದರೆ ಒಳಗೆ ಬರದೆ ಹೊರಗಡೆ ನಲ್ಲಿಗಳ ಹತ್ತಿರ ನಿಂತಿರುತ್ತಾಳೆ. "ಗೆದ್ರೂ ಗೊತ್ತಾಗುತ್ತೆ, ಸೋತ್ರೂ ಗೊತ್ತಾಗುತ್ತೆ. ನಡುವೆ ಯಾಕೆ ನನ್ನ ಜೀವ ಹಿಂಡಿಸ್ಕೊಳ್ಳಲಿ," ಎನ್ನುತ್ತಾಳೆ. ನಾನು ಮಾತ್ರ ಆಟಗಾರರ ಮನೆಯವರಿಗೆಂದು ಬಿಟ್ಟ ಮೊದಲ ಸಾಲಿನಲ್ಲಿ, ಬುಟ್ಟಿಯ ಹಿಂದೆಯೇ ಕುಳಿತಿದ್ದೆ. ಅಪ್ಪ ಉಸಿರು ಬಿಟ್ಟರೆ ಕೇಳುವಷ್ಟು ಹತ್ತಿರ.

ಕೊನೆಯ ಆರು ಸೆಕೆಂಡು ಇದ್ದಾಗ ನಮ್ಮವರು ಒಂದು ಅಂಕ ಮುಂದಿದ್ದರು. ಹಳದಿಯವರು ದೂರದಿಂದ ಎಸೆದರು. ಚೆಂಡು ಬಳೆಗೆ ಬಡಿದು ಮೇಲಕ್ಕೆ ಹಾರಿತು. ಅಪ್ಪ ಎಲ್ಲರಿಗಿಂತ ಮೇಲೆ ಹೋಗಿ ಎರಡೂ ಕೈಯಲ್ಲಿ ಅದನ್ನು ಹಿಡಿದರು. ಅಲ್ಲಿಗೆ ಆಟ ಮುಗಿದ ಹಾಗೆ. ಇನ್ನು ಮಗುವನ್ನು ಅಪ್ಪಿಕೊಂಡ ಹಾಗೆ ಚೆಂಡನ್ನು ಅಪ್ಪಿಕೊಂಡು ನಿಂತರೆ ಸಾಕು. "ತಾತ, ಹಿಡ್ಕೊ! ಹಿಡ್ಕೊ!" ಎಂದು ನಮ್ಮ ಬೆಂಚು ಕಿರುಚುತ್ತಿತ್ತು. ಇಡೀ ಹಾಲ್ ಎದ್ದು ನಿಂತಿತ್ತು. ಆಗ ಅಪ್ಪನ ಎಡಗಡೆಯಿಂದ, ಜೋರಾಗಿಯೂ ಅಲ್ಲ, ಊಟದ ಮೇಜಿನಲ್ಲಿ ನೀರಿನ ಲೋಟ ಕೇಳಿದ ಹಾಗೆ, ಒಂದು ದನಿ ಬಂತು.

"ಏಣೀ, ಇಲ್ಲಿ."

ಅಪ್ಪನ ಕಾಲು ಇನ್ನೂ ನೆಲಕ್ಕೆ ತಾಗಿರಲಿಲ್ಲ. ಚೆಂಡು ಹೋಯಿತು.

ಗುಂಡ ಮಾಮನ ಕೈಗೆ ಅದು ಎಷ್ಟು ಸರಿಯಾಗಿ ಹೋಯಿತೆಂದರೆ ಅವರೇ ಒಂದು ಗಳಿಗೆ ಬೆಪ್ಪಾಗಿ ಅದನ್ನು ನೋಡುತ್ತ ನಿಂತರು. ಆಮೇಲೆ ಬುಟ್ಟಿಗೆ ಹಾಕಿದರು, ಎರಡು ಅಂಕ. ಆಟ ಮುಗಿದ ಹೂಟರ್ ಕೂಗಿತು. ಅಪ್ಪ ಖಾಲಿ ಕೈಗಳನ್ನು ಎದೆಯ ಮುಂದೆ ಹಾಗೇ ಹಿಡಿದುಕೊಂಡು ನನ್ನ ಕಡೆಗೇ ಮುಖ ಮಾಡಿ ನಿಂತಿದ್ದರು. ಆ ಮುಖ ನನಗೆ ಈಗಲೂ ಪೂರ್ತಿ ವಿವರಿಸಲು ಬರುವುದಿಲ್ಲ. ಬೇರೆ ಯಾರದೋ ಮನೆಯ ಬಾಗಿಲು ತೆರೆದು ಒಳಗೆ ಬಂದುಬಿಟ್ಟವರ ಮುಖದ ಹಾಗಿತ್ತು.

ಹೊರಗೆ ಅಮ್ಮ ನಮ್ಮಿಬ್ಬರನ್ನು ನೋಡಿ ಸೋತಿದ್ದೇವೆ ಎಂದು ತಿಳಿದುಕೊಂಡಳು. ಹೇಗೆ ಸೋತೆವೆಂದು ಅವಳಿಗೆ ತಿಳಿದದ್ದು ಮಾರನೆಯ ದಿನ, ಊರಿನ ಬಾಯಿಂದ.

ಆ ಗದ್ದಲದಲ್ಲಿ "ಏಣೀ" ಎಂಬ ದನಿ ಅಪ್ಪನನ್ನೂ ನನ್ನನ್ನೂ ಬಿಟ್ಟರೆ ಬೇರೆ ಯಾರಿಗೂ ಕೇಳಿಸಿರಲಿಲ್ಲ. ಎಲ್ಲರೂ ಮೊಬೈಲಿನಲ್ಲಿ ನೋಡುತ್ತಿದ್ದ ವಿಡಿಯೋದಲ್ಲೂ ಬರೀ ಕಿರುಚಾಟ ಇತ್ತು. ಅದರಲ್ಲಿ ಕಾಣುತ್ತಿದ್ದುದು ಇಷ್ಟೇ: ಹಸಿರು ಜೆರ್ಸಿಯ ಒಬ್ಬ ಉದ್ದನೆಯ ಮನುಷ್ಯ ಹಳದಿ ಜೆರ್ಸಿಯ ತನ್ನ ಹಳೇ ಗೆಳೆಯನಿಗೆ ಚೆಂಡನ್ನು ಕೊಡುತ್ತಾನೆ. ಕಷ್ಟವೇನೆಂದರೆ, ಅಷ್ಟು ಅಚ್ಚುಕಟ್ಟಾದ ಪಾಸ್ ಅಪ್ಪ ಆ ವರ್ಷವಿಡೀ ಕೊಟ್ಟಿರಲಿಲ್ಲ. ಕೈತಪ್ಪಿ ಹೋದದ್ದು ಎಂದು ಹೇಳಲು ಅದಕ್ಕೆ ಒಂದು ಕುಂದೂ ಇರಲಿಲ್ಲ. "ಮಾರ್ಕೊಂಡ" ಎಂದರು ಜನ. ನಾಲ್ಕನೆಯ ದಿನ ಆಟದ ಸಂಘದಿಂದ ನೋಟಿಸ್ ಬಂತು. ಪಂದ್ಯ ಬಿಟ್ಟುಕೊಟ್ಟಿದ್ದಾರೆಂದು ಅಪ್ಪನ ತಂಡದ ಮ್ಯಾನೇಜರೇ ದೂರು ಕೊಟ್ಟಿದ್ದರು. ಅಪ್ಪ ಬರವಣಿಗೆಯಲ್ಲಿ ಉತ್ತರ ಕೊಟ್ಟು ವಿಚಾರಣೆಗೆ ಹಾಜರಾಗಬೇಕು, ತಪ್ಪು ಸಾಬೀತಾದರೆ ಇನ್ನು ಜೀವಮಾನದಲ್ಲಿ ಯಾವ ತಂಡಕ್ಕೂ ಆಡುವಂತಿಲ್ಲ.

ಅಪ್ಪನಿಗೆ ಬೇರೆ ಕೆಲಸ ಬರುವುದಿಲ್ಲ. ಇದನ್ನು ಹೀಯಾಳಿಸಲು ಬರೆದದ್ದಲ್ಲ. ಒಮ್ಮೆ ಅಮ್ಮ ಗುಂಡಿ ಹೊಲಿಯಲು ಕೊಟ್ಟಾಗ ಅವರು ಅಂಗಿಯ ಜೊತೆ ತಮ್ಮ ತೋಳನ್ನೂ ಸೇರಿಸಿ ಹೊಲಿದುಕೊಂಡಿದ್ದರು.

ಅಮ್ಮ ಅವರನ್ನು ಒಂದೇ ಸಲ ಕೇಳಿದಳು, ನನ್ನ ಎದುರಿನಲ್ಲೇ. "ರೀ, ಏನಾಯ್ತು ಅಂತ ನನಗಾದ್ರೂ ಹೇಳಿ."

"ಜಾರ್ತು," ಎಂದರು ಅಪ್ಪ.

"ಜಾರಿದ್ದು ಹಾಗೆ ನೆಟ್ಟಗೆ ಹೋಗುತ್ತಾ?"

"ಜಾರ್ತು ಅಂದ್ನಲ್ಲ."

ಆ "ಏಣೀ" ನನಗೆ ಕೇಳಿಸಿತ್ತು ಎಂದು ನಾನು ಹೇಳಲಿಲ್ಲ. ಅಪ್ಪನೇ ಹೇಳದ್ದನ್ನು ನಾನು ಹೇಗೆ ಹೇಳುವುದು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನಿಜ, ಆದರೆ ಪೂರ್ತಿ ನಿಜವಲ್ಲ. ನೂರಾರು ಪಂದ್ಯ ಆಡಿದ ಮನುಷ್ಯ ತಾನು ಯಾವ ತಂಡದಲ್ಲಿದ್ದೇನೆ ಎಂಬುದನ್ನೇ ಮರೆತ ಎಂದು ಬಾಯಿಬಿಟ್ಟು ಹೇಳಲು ನನಗೂ ನಾಚಿಕೆಯಾಗಿತ್ತು.

ಎರಡನೆಯ ವಾರ ಗುಂಡ ಮಾಮ ಮನೆಗೆ ಬಂದರು. ಕೈಯಲ್ಲಿ ಹಣ್ಣಿನ ಚೀಲ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಒಳಗೆ ಬರ್ಲಾ ಅತ್ತಿಗೆ?" ಯಾವತ್ತೂ ಕೇಳದಿದ್ದವರು ಅವತ್ತು ಕೇಳಿದರು.

"ಬಂದು ಇನ್ನೇನು ತಗೊಂಡು ಹೋಗ್ತೀಯ?"

ಗುಂಡ ಮಾಮನ ಮುಖ ಚಿಕ್ಕದಾಯಿತು. "ಬಾಯಿಗೆ ಬಂತು, ಕರೆದೆ. ನನ್ನಾಣೆ ಅತ್ತಿಗೆ, ಅವನು ಕೊಡ್ತಾನೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

"ಏನು ಬಂತು ಬಾಯಿಗೆ?" ಎಂದು ಅಮ್ಮ ಕೇಳುವಷ್ಟರಲ್ಲಿ ಒಳಗಿನಿಂದ ಅಪ್ಪ ತಲೆ ತಗ್ಗಿಸಿ ಬಾಗಿಲು ದಾಟಿ ಬಂದರು. "ನೀನು ಯಾಕೆ ಬಂದೆ? ಬುದ್ಧಿ ಇದೆಯಾ ನಿಂಗೆ? ಇಬ್ಬರೂ ಸೇರಿ ಮಾಡಿದ್ವಿ ಅಂತ ಹೇಳ್ತಿದ್ದಾರೆ. ಈಗ ಹಣ್ಣು ಬೇರೆ ಹಿಡ್ಕೊಂಡು ಬೀದಿಯಲ್ಲಿ ನಿಂತಿದ್ದೀಯ."

"ನಾನು ವಿಚಾರಣೆಗೆ ಬಂದು ಹೇಳ್ತೀನಿ ಕಣೋ, ನಾನೇ ಕರೆದಿದ್ದು ಅಂತ."

"ನೀನು ಹೇಳಿದ್ರೆ ಯಾರು ನಂಬ್ತಾರೆ? ಹೋಗು. ಫೋನೂ ಮಾಡ್ಬೇಡ."

ಗುಂಡ ಮಾಮ ಚೀಲವನ್ನು ಮೆಟ್ಟಿಲ ಮೇಲೆ ಇಟ್ಟು ಹೋದರು. ಎದುರು ಮನೆಯ ಕಿಟಕಿಯಲ್ಲಿ ಎರಡು ತಲೆಗಳಿದ್ದವು. ಸಂಜೆಯ ಹೊತ್ತಿಗೆ ಆ ಚೀಲದಲ್ಲಿ ಇದ್ದದ್ದು ಹಣ್ಣಲ್ಲ ಎಂದು ಬೀದಿಯೆಲ್ಲ ಮಾತಾಯಿತು. ಅಮ್ಮ ಮೊಂಡುತನಕ್ಕೆ ಆ ಹಣ್ಣುಗಳನ್ನು ಮೆಟ್ಟಿಲ ಮೇಲೇ ಕುಳಿತು, ಎಲ್ಲರಿಗೂ ಕಾಣುವ ಹಾಗೆ, ಸಿಪ್ಪೆ ಸುಲಿದು ಒಂದೊಂದಾಗಿ ತಿಂದಳು. ಅವಳಿಗೆ ನೆಗಡಿಯಾಯಿತು, ಅಷ್ಟೇ ಬಂದದ್ದು.

ಇನ್ನು ನನ್ನ ಮಾತು. ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಉಳಿದದ್ದಕ್ಕೆ ಅರ್ಥವಿರುವುದಿಲ್ಲ.

ಮೂರನೆಯ ವಾರ ಒಂದು ಮಧ್ಯಾಹ್ನ ಅಮ್ಮ ದಾರದ ಉಂಡೆ ತರಲು ಹೋಗಿದ್ದಳು. ನಾನು ಯಂತ್ರದ ಮುಂದಿದ್ದೆ. ಹೊಸ ಗಿರಾಕಿಯೊಬ್ಬರು ಬಂದರು, ಔಷಧಿ ಅಂಗಡಿಯವರು. ಎರಡು ಪ್ಯಾಂಟು ಗಿಡ್ಡ ಮಾಡಿಸಬೇಕಿತ್ತು. ನಾನು ನೆಲದ ಮೇಲೆ ಕುಳಿತು ಅವರ ಕಾಲಿನ ಹತ್ತಿರ ಬಟ್ಟೆಗೆ ಗುಂಡುಪಿನ್ನು ಚುಚ್ಚುತ್ತಿದ್ದೆ. ಕುಳಿತಿದ್ದರಿಂದ ನನ್ನ ಎತ್ತರ ಅವರಿಗೆ ಗೊತ್ತಾಗಲಿಲ್ಲ, ಇಲ್ಲದಿದ್ದರೆ ಯಾರ ಮಗಳೆಂದು ಹೇಳುವುದೇ ಬೇಕಾಗಿರಲಿಲ್ಲ.

"ಈ ಬೀದಿಯಲ್ಲೇ ಎಲ್ಲೋ ಇದ್ದಾನಂತಲ್ಲ ಆ ಉದ್ದದವನು," ಎಂದರು ಅವರು ಸುಮ್ಮನೆ ಮಾತಿಗೆ. "ಇಡೀ ಊರಿನ ಕಣ್ಣಿಗೆ ಮಣ್ಣೆರಚಿ ಪಂದ್ಯ ಮಾರ್ಕೊಂಡ. ಹೌದಾ?"

ನಾನು ಗುಂಡುಪಿನ್ನನ್ನು ತುಟಿಯ ನಡುವಿನಿಂದ ತೆಗೆದೆ. ಏನಾದರೂ ಹೇಳಲು ಬೇಕಾದಷ್ಟು ಸಮಯವಿತ್ತು.

"ಹೌದಂತೆ," ಎಂದೆ.

ಅವರು ಹೋದರು. ನಾನು ಚೀಟಿ ಬರೆದು ಪ್ಯಾಂಟಿಗೆ ಚುಚ್ಚಿದೆ. ಎದ್ದು ಒಳಗೆ ಹೋಗಲು ಪರದೆ ಸರಿಸಿದರೆ, ಅಪ್ಪ ಒಳಗಿನ ಮಂಚದ ಮೇಲೆ ಬಾಗಿಲ ಕಡೆಗೆ ಬೆನ್ನು ಮಾಡಿ ಮಲಗಿದ್ದರು. ಅವರಿಗೆ ಯಾವ ಮಂಚವೂ ಸಾಲುವುದಿಲ್ಲ, ಪಾದಗಳು ಹೊರಗೆ ಇರುತ್ತವೆ. ನಿದ್ದೆಯಲ್ಲಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಪಾದಗಳ ಬೆರಳು ಬಿಗಿದುಕೊಂಡಿದ್ದವು.

ಅಪ್ಪ ಅವತ್ತು ಏನೂ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಊಟಕ್ಕೆ ಕುಳಿತಾಗ ಎಂದಿನ ಹಾಗೆ "ಪುಟ್ಟಿ, ನೀರು" ಎಂದರು. ಐದಡಿ ಹನ್ನೊಂದು ಅಂಗುಲದ ಮಗಳಿಗೆ ಪುಟ್ಟಿ ಎನ್ನುವುದು ಅವರೊಬ್ಬರೇ. ನಾನು ನೀರು ಬಡಿಸುವಾಗ ಮೇಜಿನ ಮೇಲೆ ಚೆಲ್ಲಿದೆ. ಅಮ್ಮ ಬೈದಳು.

ವಿಚಾರಣೆಗೆ ನಾಲ್ಕು ದಿನ ಇದೆ ಎನ್ನುವಾಗ, ಒಂದು ಬೆಳಿಗ್ಗೆ ಅಪ್ಪ ಬಿಳಿ ಹಾಳೆಗಳನ್ನು ತಂದು ನನ್ನ ಮುಂದೆ ಇಟ್ಟರು. ನನ್ನ ಅಕ್ಷರ ಚೆನ್ನಾಗಿದೆ, ಮನೆಯ ಅರ್ಜಿ ಕಾಗದಗಳನ್ನೆಲ್ಲ ನಾನೇ ಬರೆಯುವುದು. ಅಮ್ಮ ಯಂತ್ರ ತುಳಿಯುತ್ತಿದ್ದಳು.

"ಬರ್ಕೋ," ಎಂದರು ಅಪ್ಪ. "ಅಂದು ಪಂದ್ಯದ ಕೊನೆಯಲ್ಲಿ ಚೆಂಡು ನನ್ನ ಕೈಯಿಂದ ಜಾರಿತು."

ನಾನು ದಿನಾಂಕ ಬರೆದೆ. ಮಾನ್ಯರೇ ಎಂದು ಬರೆದೆ. ಅಲ್ಲಿಗೆ ಪೆನ್ನು ನಿಂತಿತು. ಬೇಕೆಂದು ನಿಲ್ಲಿಸಲಿಲ್ಲ. ಸುಳ್ಳೆಂದು ಗೊತ್ತಿರುವುದನ್ನು ಅಚ್ಚುಕಟ್ಟಾಗಿ ಬರೆಯಲು ಕೈ ಬರಲಿಲ್ಲ.

"ಯಾಕೆ? ಏನು ಯೋಚನೆ?"

"ಜಾರಿತು ಅಂತಲೇ ಬರೀಲಾ ಅಪ್ಪ?"

ಅಪ್ಪ ನನ್ನನ್ನು ನೋಡಿದರು. "ಜಾರಿತಂತೆ ಅಂತ ಬರಿ," ಎಂದರು. "ನಿಂಗೆ ಅದು ಚೆನ್ನಾಗಿ ಬರುತ್ತಲ್ಲ."

ಯಂತ್ರ ನಿಂತಿತು. "ಏನದು?" ಎಂದಳು ಅಮ್ಮ. ನನ್ನ ಕಿವಿಯಿಂದ ಕುತ್ತಿಗೆಯ ತನಕ ಬಿಸಿಯಾಯಿತು. ಕ್ಷಮಿಸಿ ಎನ್ನಬೇಕಿತ್ತು. ಬಾಯಿಂದ ಬೇರೆಯದೇ ಬಂತು.

"ನಂಗೆ ಕೇಳಿಸ್ತು ಅಪ್ಪ. ಗುಂಡ ಮಾಮ ಏಣೀ ಅಂದಿದ್ದು. ನೀವು ಇಳಿಯೋ ಮೊದಲೇ."

ಅಪ್ಪ ಮೇಜಿನ ಅಂಚು ಹಿಡಿದುಕೊಂಡರು. ಅಷ್ಟು ದೊಡ್ಡ ಕೈಗಳು. ಅವರ ಕಣ್ಣು ನನ್ನ ಮೇಲಿಂದ ಅಮ್ಮನ ಮೇಲೆ, ಅಮ್ಮನಿಂದ ನೆಲದ ಮೇಲೆ ಹೋಯಿತು. ಅಮ್ಮನಿಗೆ ಆಗ ಅರ್ಥವಾಯಿತು. ಬಾಯಿಗೆ ಸೆರಗಿಟ್ಟುಕೊಂಡಳು. ಅವಳು ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ, ನಗು ತಡೆಯುತ್ತಿದ್ದಳು. ತಡೆಯಲಾಗದೆ ಎದ್ದು ಅಡುಗೆಮನೆಗೆ ಹೋದಳು. ಅವಳ ತಪ್ಪಲ್ಲ. ಮೂರು ವಾರ ಕಳ್ಳನ ಹೆಂಡತಿ ಅನ್ನಿಸಿಕೊಂಡವಳು.

"ನೋಡ್ದೆಯಾ?" ಎಂದರು ಅಪ್ಪ ತಗ್ಗಿದ ದನಿಯಲ್ಲಿ. "ನಿಮ್ಮಮ್ಮನೇ ನಗ್ತಾಳೆ. ಕಳ್ಳ ಅಂದ್ರೆ ಜನ ಹೆದರಿ ದೂರ ನಿಲ್ತಾರೆ. ಇದನ್ನ ಹೇಳಿದ್ರೆ ಹತ್ತಿರ ಬಂದು ನಗ್ತಾರೆ. ಹದಿನಾಲ್ಕು ವರ್ಷ ಆಡಿ, ಮೈಮೇಲೆ ಯಾವ ಬಣ್ಣ ಇದೆ ಅಂತ ಗೊತ್ತಿರ್ಲಿಲ್ಲ ಅಂತ ಹೇಳ್ಲಾ?"

"ಜಾರಿತು ಅಂದ್ರೆ ಅವರು ನಂಬಲ್ಲ ಅಪ್ಪ. ವಿಡಿಯೋ ಇದೆ. ಆಮೇಲೆ ನೀವು ಎಲ್ಲೂ ಆಡೋ ಹಾಗಿರಲ್ಲ."

ಅಡುಗೆಮನೆಯಲ್ಲಿ ಅಮ್ಮ ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದಳು. ಕೊನೆಗೆ ಅಪ್ಪ ಕಿಟಕಿಯ ಕಡೆ ತಿರುಗಿ, "ಬರಿ," ಎಂದರು. ಹೇಳುತ್ತ ಹೋದರು. ನಾನು ಅವರು ಹೇಳಿದ ಹಾಗೆಯೇ ಬರೆದೆ, ಒಂದು ಪದವನ್ನೂ ಸೇರಿಸಲಿಲ್ಲ. ಹಳದಿ ತಂಡದ ಅಭ್ಯಾಸ, ನೋಡದೆ ಕೊಡುವುದು, ನಾಲ್ಕು ವರ್ಷ. "ನನ್ನನ್ನು ಏಣಿ ಎಂದು ಕರೆದರು. ನಾನು ಏಣಿ ಎಂದುಕೊಂಡೆ. ನಾನು ಈಗ ತಾತ ಎಂಬುದು ಆ ಗಳಿಗೆಯಲ್ಲಿ ನೆನಪಿರಲಿಲ್ಲ." ಇಷ್ಟೂ ಅವರದೇ ಮಾತು. ಸಹಿ ಮಾಡುವಾಗ ಪೆನ್ನು ಒತ್ತಿ ಹಾಳೆ ಸ್ವಲ್ಪ ಹರಿಯಿತು. ಇನ್ನೊಂದು ಪ್ರತಿ ಬರೆಯಲೇ ಎಂದು ಕೇಳಿದೆ. ಬೇಡ ಎಂದರು.

ವಿಚಾರಣೆ ಸಂಘದ ಕಚೇರಿಯ ಮೊದಲ ಮಹಡಿಯಲ್ಲಿತ್ತು. ನನ್ನನ್ನು ಒಳಗೆ ಬಿಡಲಿಲ್ಲ. ಮೊಗಸಾಲೆಯ ಬೆಂಚಿನಲ್ಲಿ ಕುಳಿತೆ. ಸೆಕೆ ಇದ್ದುದರಿಂದ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹಾಗಾಗಿ ಮುಂದಿನದು ನಾನು ನೋಡಿದ್ದಲ್ಲ, ಕೇಳಿದ್ದು. ಒಳಗೆ ಮೂವರಿದ್ದರು: ಅಧ್ಯಕ್ಷೆ, ಒಬ್ಬ ವಕೀಲರು, ಒಬ್ಬ ನಿವೃತ್ತ ರೆಫರಿ. ಗುಮಾಸ್ತರು ನಾನು ಬರೆದದ್ದನ್ನು ಓದಿದರು. ಅವರು ಓದುತ್ತ ಹೋದ ಹಾಗೆ ಕುರ್ಚಿಗಳು ಕಿರುಗುಟ್ಟುವುದು ನಿಂತಿತು. "ಏಣಿ" ಎಂಬಲ್ಲಿ ಗುಮಾಸ್ತರ ದನಿಯೇ ಅಲುಗಿತು.

"ನಿಮ್ಮ ತಂಡ ಯಾವುದು ಅಂತ ಮರೆತುಹೋಯ್ತು ಅಂತೀರಾ?" ವಕೀಲರಿರಬೇಕು.

"ಹೌದು ಸರ್."

"ಎಷ್ಟು ಹೊತ್ತು ಮರೆತಿತ್ತು?"

"ಒಂದು ಸೆಕೆಂಡೂ ಇಲ್ಲ ಸರ್. ಆದ್ರೆ ಆಟಕ್ಕೆ ಅಷ್ಟು ಸಾಕು."

ಯಾವ ಯಾವ ತಂಡದಲ್ಲಿ ಏನು ಕರೆಯುತ್ತಿದ್ದರೆಂದು ಅಧ್ಯಕ್ಷೆ ಕೇಳಿದರು. ಅಪ್ಪ ಹೇಳಿದರು. ತೊಲೆ. ಕಂಬ. ಲಂಬೂ. ನಡುವಿನ ಒಂದೆರಡು ನಾನೇ ಕೇಳಿರಲಿಲ್ಲ. ಒಂದು ಕಡೆ ಅವರನ್ನು ಸ್ಟೂಲು ಎಂದು ಕರೆಯುತ್ತಿದ್ದರಂತೆ, ಬೆಂಚಿನಿಂದ ಎಬ್ಬಿಸುತ್ತಲೇ ಇರಲಿಲ್ಲವಾದ್ದರಿಂದ. ಅದನ್ನು ಅವರು ನಮಗೆ ಯಾವತ್ತೂ ಹೇಳಿರಲಿಲ್ಲ. ಹೊಸಬ ಎಂದಾಗ ಒಳಗೆ ಯಾರೋ ಕೆಮ್ಮಿದರು.

"ಸರಿ, ನೀವು ಹೋಗಬಹುದು," ಎಂದರು ಅಧ್ಯಕ್ಷೆ. ಅಪ್ಪನ ಹೆಜ್ಜೆ ಬಾಗಿಲ ಕಡೆ ಬಂತು. ಆಗ ವಯಸ್ಸಾದ ದನಿಯೊಂದು ಹಿಂದಿನಿಂದ, ಮೆಲ್ಲಗೆ:

"ಏಣೀ."

"ಆಂ, ಸರ್?" ಎಂದರು ಅಪ್ಪ.

ಆಮೇಲೆ ಬಂದ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದನ್ನು ನಾನು ಒಪ್ಪಿಕೊಳ್ಳಬೇಕು. ಮೂವರೂ ನಕ್ಕರು, ಗುಮಾಸ್ತರೂ ನಕ್ಕರು. ಮೇಜು ಬಡಿದ ಸದ್ದು ಕೇಳಿಸಿತು. "ಸಾಕು ಬಿಡಿ, ಇವರೇನು ಮಾರ್ಕೊಳ್ಳೋ ಜನ ಅಲ್ಲ," ಎಂದು ರೆಫರಿ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅಪ್ಪ ಹೊರಗೆ ಬಂದರು. ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸುವುದನ್ನು ಮರೆತು ಹಣೆ ಬಡಿಸಿಕೊಂಡರು. ಒಳಗೆ ಮತ್ತೊಮ್ಮೆ ನಗು ಎದ್ದಿತು.

ಬಸ್ಸಿನಲ್ಲಿ ಅವರು ನನ್ನ ಪಕ್ಕ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದರು. "ಒಳ್ಳೇದೇ ಆಯ್ತು," ಎಂದು ಎರಡು ಸಲ ಹೇಳಿದರು. ನಾನು ಹೂಂ ಎಂದೆ.

ದೂರು ಕೈಬಿಟ್ಟಿದ್ದೇವೆ ಎಂಬ ಕಾಗದ ವಾರದೊಳಗೆ ಬಂತು. ಪತ್ರಿಕೆಯಲ್ಲೂ ಬಂತು, ಈ ಸಲ ಅಪ್ಪನ ಪೂರ್ತಿ ಮುಖ: "ತನ್ನ ತಂಡವನ್ನೇ ಮರೆತ ಆಟಗಾರ". ಹಸಿರು ತಂಡ ಕರಾರು ಮುಂದುವರಿಸಲಿಲ್ಲ. ಮ್ಯಾನೇಜರ್ ಫೋನಿನಲ್ಲಿ ಮಾತ್ರ ಮಾತಾಡಿದರು, ಎದುರಿಗೆ ಬರಲಿಲ್ಲ. ಬೀದಿ ಮತ್ತೆ ನಮ್ಮ ಜೊತೆ ಮಾತಾಡಲು ಶುರುಮಾಡಿತು. ಹಾಲಿನವನು ಅಪ್ಪನನ್ನು ನೋಡಿ, "ಸರ್, ಮನೆ ಇದೇ ತಾನೆ? ಪಕ್ಕದ್ದಲ್ಲ ತಾನೆ?" ಎಂದ. ಔಷಧಿ ಅಂಗಡಿಯವರು ಪ್ಯಾಂಟು ತೆಗೆದುಕೊಂಡು ಹೋಗಲು ಬಂದಾಗ ನಾನು ಎದ್ದು ನಿಂತು ಕೊಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ಅವರ ಮಗಳಾ? ಪಾಪ, ಒಳ್ಳೇ ಮನುಷ್ಯ ಬಿಡಮ್ಮ," ಎಂದು ಬಾಯಿತುಂಬ ನಕ್ಕರು. ನನಗೆ ಹಗುರವಾಯಿತು. ಎಷ್ಟು ಹಗುರವಾಯಿತೆಂದರೆ ನಾನೂ ನಕ್ಕೆ. ನಕ್ಕ ಮೇಲೆ ಗೊತ್ತಾಯಿತು: ಅವತ್ತು ಪೆನ್ನು ನಿಲ್ಲಿಸಿದ್ದು ಅಪ್ಪ ಆಡಲಿ ಎಂದು ಅರ್ಧ. ಇನ್ನರ್ಧ, ಕಳ್ಳನ ಮಗಳಾಗಿ ಬೀದಿಯಲ್ಲಿ ನಡೆಯುವುದಕ್ಕಿಂತ ಪೆದ್ದನ ಮಗಳಾಗಿ ನಡೆಯುವುದು ನನಗೆ ಸುಲಭವಾಗಿತ್ತು. ಹೊರೆ ಬದಲಾಗಿ ಅಪ್ಪನ ಹೆಗಲಿಗೆ ಹೋಗಿತ್ತು. ಅವರು ಮೊದಲು ತರಕಾರಿಗೆ ತಾವೇ ಹೋಗುತ್ತಿದ್ದರು, ಕಳ್ಳ ಎನ್ನಿಸಿಕೊಂಡಾಗಲೂ ಹೋಗುತ್ತಿದ್ದರು. ಈಗ ಅಮ್ಮನನ್ನು ಕಳಿಸುತ್ತಾರೆ.

ಆರನೆಯ ವಾರ ಬೆಳಿಗ್ಗೆ ಫೋನು ಬಂತು. ಕೆಳಗಿನ ದರ್ಜೆಯ ಒಂದು ತಂಡದ ಕೋಚ್. ಅವರದು ಎಷ್ಟು ದೊಡ್ಡ ದನಿಯೆಂದರೆ ಯಂತ್ರದ ಹತ್ತಿರ ಕುಳಿತ ನನಗೂ ಅಮ್ಮನಿಗೂ ಪ್ರತಿಯೊಂದು ಮಾತೂ ಕೇಳುತ್ತಿತ್ತು. ಅವರ ದೊಡ್ಡ ಆಟಗಾರನ ಮಂಡಿ ಕೆಟ್ಟಿತ್ತು.

"ಒಂದು ವರ್ಷಕ್ಕೆ ಬರ್ತೀರಾ? ಜೆರ್ಸಿ ಕೆಂಪು. ಯೋಚ್ನೆ ಮಾಡ್ಬೇಡಿ, ನಮ್ಮ ತಂಡ ಯಾವುದು ಅಂತ ದಿನಾ ಬೆಳಿಗ್ಗೆ ನಿಮಗೆ ಒಂದ್ಸಲ ಹೇಳ್ತೀವಿ!"

ಆ ಕಡೆಯಿಂದ ನಗು ಉರುಳಿ ಬಂತು. ಅವರ ಪಕ್ಕದಲ್ಲಿ ಇನ್ನೂ ಯಾರೋ ನಗುತ್ತಿದ್ದರು. ಅಪ್ಪ ಗೋಡೆಯ ಕಡೆ ತಿರುಗಿದರು. ಅವರ ಕಿವಿ ಕೆಂಪಾಗುವುದು ಹಿಂದಿನಿಂದ ಕಾಣುತ್ತಿತ್ತು. ಒಂದು ಗಳಿಗೆ ಅವರು ಫೋನು ಇಟ್ಟುಬಿಡುತ್ತಾರೆ ಎಂದುಕೊಂಡೆ.

"ಹಹ್ಹ," ಎಂದರು ಅಪ್ಪ. "ಹೇಳಿ ಸರ್, ದಿನಾ ಹೇಳಿ. ಬೇಕಾದ್ರೆ ಎರಡು ಸಲ ಹೇಳಿ. ಬರ್ತೀನಿ."

ಫೋನನ್ನು ಎದೆಗೆ ಒತ್ತಿ ಹಿಡಿದು ನಮ್ಮ ಕಡೆ ತಿರುಗಿದಾಗ ಆ ನಗು ಇನ್ನೂ ಮುಖದ ಮೇಲಿತ್ತು, ಇಳಿಸಲು ಗೊತ್ತಾಗದವರ ಹಾಗೆ. ಅಮ್ಮ ಹಲ್ಲಿನಿಂದ ದಾರ ಕಡಿದಳು.

"ವಿಳಾಸ ಹೇಳ್ತಾರೆ," ಎಂದರು ಅಪ್ಪ ನನಗೆ. "ಬರ್ಕೋ."

ನಾನು ಕಾಗದ ತೆಗೆದುಕೊಂಡೆ. ಅವರು ಕೇಳಿಸಿಕೊಂಡು ಒಂದೊಂದೇ ಸಾಲು ಹೇಳಿದರು. ನಾನು ತಲೆ ಎತ್ತದೆ ಬರೆದುಕೊಂಡೆ. ಮನೆಯ ನಂಬರು ಎರಡು ಸಲ ಕೇಳಿದೆ, ತಪ್ಪಾಗಬಾರದೆಂದು.